ಐವತ್ತೊಂದು ದಿನ ಎರಡು ಕಡೆ ಇದ್ದ ಬಸ್ಯೂನಿ

ಬಸ್ಯೂನಿಯ ಬಲಗಾಲು ಮುರಿದದ್ದು ನವೆಂಬರ್ ಮೂರನೆಯ ತಾರೀಕು ಬೆಳಿಗ್ಗೆ ಒಂಬತ್ತೂಕಾಲಿಗೆ. ಸಮಯ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಅವನು ಬಿದ್ದಾಗ ಬೋಟಿನಲ್ಲಿ ಎರಡನೇ ಸುತ್ತಿನ ಚಹಾ ಸುರಿಯುತ್ತಿದ್ದರು. ‘ಹಾಜಾ ಜಕಿಯ್ಯಾ’ ಬೋಟಿನ ಗಡಿಯಾರ ನಿಂತು ನಾಲ್ಕು ವರ್ಷವಾಗಿದ್ದರೂ ಅಲ್ಲಿ ಚಹಾದ ಹೊತ್ತು ಒಂದು ದಿನವೂ ತಪ್ಪಿದ್ದಿಲ್ಲ.

ನಡೆದದ್ದು ಇಷ್ಟು. ಬಲೆ ಮೇಲೆ ಬಂದಿತ್ತು. ಗಂಟು ಬಿಚ್ಚಿ ಮೀನನ್ನು ಹಲಗೆಯ ಮೇಲೆ ಸುರಿದಿದ್ದರು. ರಾಶಿಯೊಳಗಿನಿಂದ ಒಂದು ತೊರಕೆ ಮೀನು ತನ್ನ ಮುಳ್ಳುಬಾಲ ಬೀಸಿತು. ಬಸ್ಯೂನಿ ಬುದ್ಧಿವಂತನಂತೆ ಒಂದು ಹೆಜ್ಜೆ ಹಿಂದೆ ಸರಿದ. ತೊರಕೆ ಇನ್ನೊಮ್ಮೆ ಬೀಸಿತು. ಬಸ್ಯೂನಿ ಇನ್ನೊಂದು ಹೆಜ್ಜೆ ಹಿಂದೆ ಸರಿದ. ಆ ಎರಡನೇ ಹೆಜ್ಜೆಯ ಕೆಳಗೆ ಹಲಗೆ ಇರಲಿಲ್ಲ; ಐಸಿನ ಕೋಣೆಯ ಬಾಯಿ ತೆರೆದಿತ್ತು. ಆರು ಅಡಿ ಕೆಳಗೆ, ಬೂತಾಯಿ ಮೀನಿನ ರಾಶಿಯ ಮೇಲೆ, ಮೆತ್ತಗೆ ಬಿದ್ದ. ಬಲಗಾಲು ಒಂದು ಮಾತ್ರ ಪಕ್ಕದ ಐಸ್ ಗಡ್ಡೆಯನ್ನು ಆರಿಸಿಕೊಂಡಿತು.

ಬೋಟಿನ ಯಜಮಾನ ರಯ್ಯಿಸ್ ಅಬುಲ್‌ಮಾತಿ ಮೇಲಿನಿಂದ ಇಣುಕಿದ.

“ಬಸ್ಯೂನಿ, ಸತ್ತ್ಯಾ?”

“ಇಲ್ಲ ರಯ್ಯಿಸ್.”

“ಹಾಗಾದ್ರೆ ಮೀನಿನ ಮೇಲಿಂದ ಏಳಪ್ಪ, ನಜ್ಜುಗುಜ್ಜಾಗ್ತಾ ಇವೆ.”

ಏಳಲಾಗದು ಎಂದು ಗೊತ್ತಾದ ಮೇಲೆ ಬಲೆಯನ್ನೇ ಕೆಳಗೆ ಬಿಟ್ಟು, ಅದರಲ್ಲಿ ಅವನನ್ನು ಸುತ್ತಿ, ಬಲೆ ಎಳೆಯುವ ಯಂತ್ರವಾದ ವಿಂಚಿನಿಂದ ಮೇಲೆತ್ತಿದರು. ಆ ವಿಂಚನ್ನು ಇಪ್ಪತ್ತೇಳು ವರ್ಷ ನಡೆಸಿದವನು ಬಸ್ಯೂನಿಯೇ. ಅವತ್ತು ಅದರ ಹಿಡಿಕೆ ಲಮ್ಲೂಮನ ಕೈಯಲ್ಲಿತ್ತು. ಲಮ್ಲೂಮ ಬೋಟಿನ ಅಡುಗೆಯವನು. ಬೇಳೆ ಬೇಯಿಸಬಲ್ಲ, ಯಂತ್ರ ತಿಳಿಯದು. ಬಸ್ಯೂನಿ ಗಾಳಿಯಲ್ಲಿ ಮೂರು ಸಲ ಮೇಲೆ, ಎರಡು ಸಲ ಕೆಳಗೆ ಹೋಗಿ, ಕೊನೆಗೆ ಹಲಗೆ ಮುಟ್ಟಿದಾಗ ಅವನ ಮೊದಲ ಮಾತು ಕಾಲಿನ ಬಗ್ಗೆ ಇರಲಿಲ್ಲ.

“ಹಿಡಿಕೇನ ನಿಧಾನ ಬಿಡೋ ಕತ್ತೆ, ಹಗ್ಗ ಸವೀತದೆ!”

ಆ ದಿನವೇ ಬೋಟು ತಿರುಗಿ, ನೈಲ್ ಕಡಲು ಸೇರುವಲ್ಲಿರುವ ಅವರ ಊರು ಇಜ್ಬತ್ ಅಲ್ ಬುರ್ಜ್ ತಲುಪಿತು. ಆಸ್ಪತ್ರೆಯವರು ಪಾದದಿಂದ ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿ, ಹನ್ನೆರಡು ವಾರ ನೆಲಕ್ಕೆ ಕಾಲೂರಬಾರದು, ಆಮೇಲೂ ಒಂದಷ್ಟು ಕಾಲ ಕೆಲಸದ ಮಾತೆತ್ತಬಾರದು ಎಂದರು. ನಾಲ್ಕು ಜನ ಹೊತ್ತು ಮೂರನೇ ಮಹಡಿಯ ಮನೆಗೆ ಏರಿಸಿದರು. ಹೆಂಡತಿ ಇತಿದಾಲ್ ಬಾಗಿಲಲ್ಲಿ ನಿಂತು, ಮೊದಲು ಗಂಡನ ಮುಖ ನೋಡಿದಳು, ಆಮೇಲೆ ಪ್ಲಾಸ್ಟರ್ ನೋಡಿದಳು, ಆಮೇಲೆ ಒಳಗಿನ ಮಂಚ ನೋಡಿದಳು.

“ಸರಿಹೋಯ್ತು. ಈ ಮನೇಲಿ ಈಗ ಎರಡಕ್ಕೂ ಒಂದೊಂದು ಕಾಲಿಲ್ಲ.”

ಮಂಚದ ಕಥೆ ಹೇಳಬೇಕು. ಅದರ ಹಿಂಗಾಲು ಒಂದು ಹನ್ನೊಂದು ವರ್ಷದ ಹಿಂದೆ ಮುರಿದಿತ್ತು. ಬಸ್ಯೂನಿ ಬೋಟಿನಿಂದ ಮೀನು ತುಂಬುವ ಮರದ ಪೆಟ್ಟಿಗೆಯೊಂದನ್ನು ತಂದು ಆ ಮೂಲೆಗೆ ಕೊಟ್ಟು, “ಒಂದು ವಾರದ ಮಟ್ಟಿಗೆ” ಎಂದಿದ್ದ. ಪೆಟ್ಟಿಗೆಯ ಎತ್ತರ ಮೂವತ್ತೊಂದು ಸೆಂಟಿಮೀಟರ್. ಉಳಿದ ಮೂರು ಕಾಲುಗಳ ಎತ್ತರ ಇಪ್ಪತ್ತೊಂಬತ್ತು. ಹೀಗಾಗಿ ಹನ್ನೊಂದು ವರ್ಷದಿಂದ ಇತಿದಾಲ್ ಮಲಗಿದ ಕಡೆಯಿಂದ ಗಂಡನ ಕಡೆಗೆ ಇಂಚಿಂಚೇ ಜಾರುತ್ತ ಬಂದಿದ್ದಳು. ಪಕ್ಕದ ದುಮ್ಯಾತ್ ಪಟ್ಟಣ ದೇಶಕ್ಕೆಲ್ಲ ಮಂಚ, ಮೇಜು, ಕಪಾಟು ಮಾಡಿ ಕಳಿಸುವ ಊರು. ಅವರ ಹಿರಿಮಗ ರಿದಾ ಅಲ್ಲಿನ ಕಾರ್ಖಾನೆಯಲ್ಲಿ ಮಂಚಗಳಿಗೆ ಪಾಲಿಶ್ ಹಾಕುವ ಕೆಲಸದಲ್ಲಿದ್ದ. ಅವಳ ಸಿಟ್ಟಿಗೆ ಇಷ್ಟು ಸಾಕಿತ್ತು.

ಅವತ್ತು ಸಂಜೆಯೇ ರಿದಾ ಬಂದು ಹೇಳಿದ. ರಯ್ಯಿಸ್ ಎಲ್ಲರ ವಿಮೆ ಕಟ್ಟಿದ್ದಾನೆ, ಕೆಲಸದಲ್ಲಿ ಗಾಯವಾದರೆ ಮನೆಯಲ್ಲಿ ಕೂತ ಪ್ರತಿ ದಿನಕ್ಕೂ ಪರಿಹಾರ ಬರುತ್ತದೆ, ಕಾಲು ಪೂರ್ತಿ ಸರಿಹೋಗದಿದ್ದರೆ ಮೇಲೊಂದು ಇಡಿಗಂಟು.

“ಅಬೂ ರಿದಾ,” ಎಂದಳು ಇತಿದಾಲ್. ಗಂಡನನ್ನು ಅವಳು ಮಗನ ಹೆಸರಿಟ್ಟೇ ಕರೆಯುವುದು; ಅವಳೂ ಊರಿಗೆ ಉಮ್ಮ್ ರಿದಾ, ರಿದಾನ ಅಮ್ಮ. “ಆ ದುಡ್ಡಲ್ಲಿ ಮಂಚ. ನಾಲ್ಕು ಕಾಲಿಂದು. ಮಾತು ಕೊಡು.”

ಬಸ್ಯೂನಿ ಮಾತು ಕೊಟ್ಟ. ಪರಿಹಾರದ ಹಣಕ್ಕೆ ಅರ್ಜಿಯನ್ನೂ ಕೊಟ್ಟ. ಅದು ಬರುವುದರಲ್ಲಿ ಅನುಮಾನವೇನಿತ್ತು? ಕಾಲು ಮುರಿದದ್ದು ಎಂಟು ಜನರ ಕಣ್ಣೆದುರಿಗೆ.

ಆದರೆ ‘ಹಾಜಾ ಜಕಿಯ್ಯಾ’ ಬೋಟಿನಲ್ಲಿ ಒಂದು ಕಟ್ಟಳೆ ಇತ್ತು. ರಯ್ಯಿಸ್‌ನ ತಂದೆಯ ಕಾಲದಿಂದ ಬಂದದ್ದು. ಬೋಟಿನವನೊಬ್ಬ ಗಾಯವಾಗಿ ಮನೆಯಲ್ಲಿ ಬಿದ್ದರೆ ಅವನ ಹೆಸರನ್ನು ಪಟ್ಟಿಯಿಂದ ಹೊಡೆಯಬಾರದು. ಹೊಡೆದ ಹೆಸರು ಮತ್ತೆ ಬೋಟು ಹತ್ತುವುದಿಲ್ಲ ಎಂದು ಅವರ ನಂಬಿಕೆ. ಅವನು ಮಲಗುವ ಜಾಗದಲ್ಲಿ ಬೇರೆಯವರು ಮಲಗುವಂತಿಲ್ಲ. ಚಹಾ ಸುರಿದಾಗಲೆಲ್ಲ ಅವನ ಗ್ಲಾಸೂ ತುಂಬಬೇಕು. ಆರಿದ ಮೇಲೆ ಕಡಲಿಗೆ ಚೆಲ್ಲಬೇಕು. ಹಿಡಿದ ಮೀನಿನಲ್ಲಿ ಅವನ ಪಾಲು ಮನೆಗೆ ಹೋಗಬೇಕು. ಬಂದರಿನ ಕಾವಲು ಚೌಕಿಯಲ್ಲಿ ಪ್ರತಿ ಸಲ ಹೊರಡುವಾಗ ಕೊಡುವ ಪಟ್ಟಿಯಲ್ಲೂ ಅವನ ಹೆಸರು ಇರಬೇಕು. ಚೌಕಿಯವನು ಒಂಬತ್ತು ಹೆಸರು ಓದಿ, ಒಂಬತ್ತು ಗುರುತಿನ ಕಾರ್ಡ್ ಎಣಿಸಿ, ಮುದ್ರೆ ಒತ್ತುತ್ತಿದ್ದ. ತಲೆ ಎಣಿಸುವುದಿಲ್ಲ, ತಲೆಗಳು ಅತ್ತಿತ್ತ ಓಡಾಡುತ್ತವೆ, ಕಾರ್ಡುಗಳು ಸುಮ್ಮನಿರುತ್ತವೆ. ಬಸ್ಯೂನಿಯ ಕಾರ್ಡ್ ರಯ್ಯಿಸ್‌ನ ಬಿಸ್ಕತ್ ಡಬ್ಬಿಯಲ್ಲಿ ಇಪ್ಪತ್ತೇಳು ವರ್ಷದಿಂದ ಭದ್ರವಾಗಿತ್ತು. ಹೀಗೆ ನವೆಂಬರ್ ಮೂರರಿಂದ ಜನವರಿ ಹದಿನೈದರವರೆಗೆ ಬೋಟು ಐದು ಸಲ ಹೊರಟಿತು. ಐದು ಸಲವೂ ಬಸ್ಯೂನಿ ಪಟ್ಟಿಯಲ್ಲಿ ನಾಲ್ಕನೆಯವನಾಗಿ ಕಡಲಿಗೆ ಹೋದ.

ಮನೆಯಲ್ಲಿದ್ದ ಬಸ್ಯೂನಿಯ ವಿಷಯ ಬೇರೆ. ಹದಿನಾಲ್ಕನೇ ವಯಸ್ಸಿಗೆ ಬೋಟು ಹತ್ತಿ ಈಗ ಐವತ್ತೆರಡಾಗಿದ್ದ ಅವನು ಮನೆಯಲ್ಲಿ ಒಟ್ಟಿಗೆ ಎಂಟು ದಿನ ಕೂತದ್ದೇ ಇಲ್ಲ. ಎರಡನೇ ವಾರದೊಳಗೆ ಮನೆಯನ್ನೇ ಬೋಟು ಮಾಡಿದ. ಅಡುಗೆಮನೆಯ ಪಾತ್ರೆಗಳನ್ನು ಅಲೆಗೆ ಉರುಳದಂತೆ ಬಲೆಯ ದಾರದಿಂದ ಗೂಟಗಳಿಗೆ ಬಿಗಿದ. ಇತಿದಾಲ್ ಒಂದು ಲೋಟ ನೀರು ಕುಡಿಯಬೇಕಾದರೆ ಎರಡು ಗಂಟು ಬಿಚ್ಚಬೇಕಿತ್ತು. ಕಿಟಕಿಯ ಪರದೆ ಹರಿದದ್ದನ್ನು ಬಲೆಯ ಹಾಗೆ ಹೆಣೆದು ಸರಿಮಾಡಿದ; ಅದರಲ್ಲಿ ಗಾಳಿ, ಬೆಳಕು, ಎದುರುಮನೆಯವರ ದೃಷ್ಟಿ ಎಲ್ಲವೂ ಸಲೀಸಾಗಿ ದಾಟುತ್ತಿದ್ದವು. ಬೆಳಗಿನ ಜಾವ ಐದಕ್ಕೆ ಅಭ್ಯಾಸಬಲದಿಂದ ಕಣ್ಣು ಬಿಡುವ ಮೊದಲೇ “ಎಳೀರೋ, ಬಲೆ ಎಳೀರೋ!” ಎಂದು ಕೂಗುತ್ತಿದ್ದ. ಚಹಾ ಬೇಕಾದಾಗ ಸೌಟಿನಿಂದ ಪಾತ್ರೆ ಬಡಿಯುತ್ತಿದ್ದ.

ಊಟವನ್ನು ಬೋಟಿನ ಲೆಕ್ಕದಲ್ಲಿ ಹಂಚಲು ಹೊರಟದ್ದು ಮಾತ್ರ ಅತಿಯಾಯಿತು. ಈರುಳ್ಳಿ ಕೆಂಪಗೆ ಹುರಿದು, ಮೀನು ಹಾಕಿ ಮಾಡಿದ ಸಯ್ಯಾದಿಯಾ ಅನ್ನದ ತಟ್ಟೆ ಮುಂದಿಟ್ಟುಕೊಂಡು ಅವನು ವಿವರಿಸಿದ.

“ನೋಡು, ಅರ್ಧ ಬೋಟಿಗೆ ಅಂತ ತೆಗೆದಿಡ್ಬೇಕು. ಉಳಿದದ್ರಲ್ಲಿ ರಯ್ಯಿಸ್‌ಗೆ ಎರಡು ಪಾಲು, ಆಳಿಗೆ ಒಂದು.”

“ಒಳ್ಳೇದು,” ಎಂದು ಇತಿದಾಲ್ ಸೌಟು ತೆಗೆದುಕೊಂಡಳು. “ಬೋಟು ಅಂದ್ರೆ ಈ ಮನೆ, ಅದು ನಂದು. ರಯ್ಯಿಸೂ ನಾನೇ. ಅಗೋ ನಿನ್ನ ಪಾಲು.” ಅವನ ತಟ್ಟೆಗೆ ಬಿದ್ದದ್ದು ಮೀನಿನ ತಲೆ. ಹಂಚಿಕೆಯ ಪದ್ಧತಿ ಅಲ್ಲಿಗೆ ನಿಂತಿತು.

ಮೇಲಿನ ಮಹಡಿಯಲ್ಲಿ ಉಸ್ತಾಜ್ ಫಿಕ್ರಿ, ಅಂದರೆ ಫಿಕ್ರಿ ಮೇಷ್ಟ್ರು, ಇದ್ದರು. ಹೈಸ್ಕೂಲಿನಲ್ಲಿ ಮೂವತ್ತಾರು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು, ಒಬ್ಬಂಟಿ. ಬಸ್ಯೂನಿ ಕೂಗಿದಾಗಲೆಲ್ಲ ಅವರು ಊರುಗೋಲಿನಿಂದ ನೆಲಕ್ಕೆ ಎರಡು ಸಲ ಕುಟ್ಟುತ್ತಿದ್ದರು. ಬಸ್ಯೂನಿ ಅದನ್ನು ಹಡಗಿನ ಸಂಜ್ಞೆ ಎಂದುಕೊಂಡು ಸೌಟಿನಿಂದ ಎರಡು ಸಲ ಉತ್ತರ ಕೊಡುತ್ತಿದ್ದ.

ಜನವರಿ ಹದಿನೈದಕ್ಕೆ ವಿಮಾ ಕಚೇರಿಯಿಂದ ಕರೆ ಬಂತು. ಬೋಟು ದಡದಲ್ಲಿತ್ತು, ಅದೇ ಪುಣ್ಯ. ನಾಲ್ವರು ಅವನನ್ನು ಕುರ್ಚಿಗೆ ಹಗ್ಗದಿಂದ ಬಿಗಿದು ಮೂರು ಮಹಡಿ ಇಳಿಸಿ, ಮೂರು ಗಾಲಿಯ ಟುಕ್‌ಟುಕ್‌ಗೆ ತುಂಬಿದರು. ಇತಿದಾಲ್ ಜೊತೆಗೆ ಹತ್ತಿದಳು.

ಕಚೇರಿಯಲ್ಲಿ ಅವನ ಫೈಲು ನೋಡುತ್ತಿದ್ದವರು ಮದಾಂ ಇನ್ಶಿರಾಹ್ ಎಂಬ ನಡುವಯಸ್ಸಿನ ಹೆಂಗಸು. ಮೇಜಿನ ಮೇಲೆ ಪೆನ್ಸಿಲುಗಳನ್ನು ಉದ್ದದ ಪ್ರಕಾರ ಜೋಡಿಸಿಟ್ಟುಕೊಂಡಿದ್ದರು. ಫೈಲು ತೆರೆದು ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟರು.

“ಬಸ್ಯೂನಿಯವರೇ, ಇದು ಆಸ್ಪತ್ರೆ ಕಾಗದ. ಇದರ ಪ್ರಕಾರ ನಿಮ್ಮ ಕಾಲು ಪ್ಲಾಸ್ಟರಲ್ಲಿದೆ, ನೀವು ಮನೇಲಿದ್ದೀರಿ. ಇದು ಬಂದರಿನ ಪಟ್ಟಿ. ಇದರ ಪ್ರಕಾರ ಎಪ್ಪತ್ತನಾಲ್ಕು ದಿನದಲ್ಲಿ ಐವತ್ತೊಂದು ದಿನ ನೀವು ಸಮುದ್ರದ ಮೇಲಿದ್ದೀರಿ. ಒಂದೇ ಕಾಲು ಎರಡು ಕಡೆ ಹೇಗಿತ್ತು?”

“ನಾನು ಮನೇಲೇ ಇದ್ದೆ ಮದಾಂ! ಹೆಸರು ಮಾತ್ರ ಬೋಟಲ್ಲಿತ್ತು. ನಮ್ಮಲ್ಲಿ ಗಾಯವಾದೋನ ಹೆಸರು ಹೊಡೆಯಲ್ಲ.”

“ಸರಿ. ಕೆಲಸ ಮಾಡ್ದೇ ಇದ್ದ ದಿನಗಳಲ್ಲಿ ಬೋಟಿನಿಂದ ನಿಮಗೆ ಏನಾದ್ರೂ ಬಂತಾ?”

ಇಲ್ಲಿ ಬಸ್ಯೂನಿ ಸುಮ್ಮನಿರಬಹುದಿತ್ತು. ಆದರೆ ಬೋಟಿನ ಮಾನದ ಪ್ರಶ್ನೆ. ಅವನು ಕುರ್ಚಿಯಲ್ಲೇ ಎದೆಯುಬ್ಬಿಸಿದ. “ಬಂತಾ ಅಂದ್ರೆ? ಪ್ರತಿ ಸಲ! ಎಲ್ಲರಿಗೂ ಎಷ್ಟೋ ನನಗೂ ಅಷ್ಟೇ, ಒಂದು ಸೀಗಡಿ ಕಡಿಮೆ ಇಲ್ಲ. ರಯ್ಯಿಸ್ ಅಬುಲ್‌ಮಾತಿ ಅಂದ್ರೆ ಏನಂದ್ಕೊಂಡ್ರಿ?”

ಮದಾಂ ಅತಿ ಚಿಕ್ಕ ಪೆನ್ಸಿಲ್ ಎತ್ತಿಕೊಂಡು ಏನೋ ಬರೆದುಕೊಂಡರು. ಇತಿದಾಲ್ ಗಂಡನ ಒಳ್ಳೆಯ ಕಾಲನ್ನು ತುಳಿದಳು.

“ಮದಾಂ, ನಾನು ಸಾಕ್ಷಿ ಹೇಳ್ತೀನಿ,” ಎಂದಳು. “ಇವನು ಮನೇಲಿದ್ದ. ಎಪ್ಪತ್ತನಾಲ್ಕು ದಿನ. ಒಂದು ಗಂಟೆ ಹೊರಗೆ ಹೋಗಿದ್ರೂ ನಾನು ಸಕ್ಕರೆ ಹಂಚ್ತಿದ್ದೆ.”

“ಹೆಂಡತಿ ಸಾಕ್ಷಿ ನಡೆಯಲ್ಲಮ್ಮ.”

“ಆಸ್ಪತ್ರೆಗೆ ಎರಡು ಸಲ ಹೋಗಿದ್ನಲ್ಲ?”

“ನೋಡಿದೆ. ಎರಡೂ ಸಲ ಬೋಟು ದಡದಲ್ಲಿದ್ದ ದಿನವೇ ಹೋಗಿದ್ದಾರೆ.”

ಅದು ನಿಜವಾಗಿತ್ತು. ಅವನನ್ನು ಕೆಳಗಿಳಿಸಲು ನಾಲ್ಕು ಜನ ಬೇಕು. ಆ ನಾಲ್ಕು ಜನ ಬೋಟಿನವರೇ. ಬೋಟು ಕಡಲಲ್ಲಿದ್ದಾಗ ಅವನು ಮೆಟ್ಟಿಲು ಇಳಿದದ್ದೇ ಇಲ್ಲ.

“ನೋಡಿದ್ದೀವಿ ಅಂತ ಈಗ ಬಂದು ಹೇಳೋರು ನೂರು ಜನ ಸಿಗ್ತಾರೆ,” ಎಂದರು ಮದಾಂ. ಅವರ ದನಿಯಲ್ಲಿ ಕೊಂಕು ಇರಲಿಲ್ಲ, ಲೆಕ್ಕವಷ್ಟೇ ಇತ್ತು. “ನನಗೆ ಆಯಾ ದಿನವೇ ಬರೆದ ಕಾಗದ ಬೇಕು. ನೀವು ಮನೇಲಿದ್ರಿ ಅಂತ ತೋರಿಸೋದು. ಹತ್ತು ದಿನ ಟೈಮ್ ಕೊಡ್ತೀನಿ. ಸಿಗದಿದ್ರೆ ಫೈಲು ಮುಚ್ಚಬೇಕಾಗುತ್ತೆ.”

ಮರಳುವ ದಾರಿಯಲ್ಲಿ ಸಿಕ್ಕ ಮಂಚದ ಅಂಗಡಿಗಳನ್ನೆಲ್ಲ ಇತಿದಾಲ್ ಬೆರಳು ಮಡಿಸಿ ಎಣಿಸುತ್ತ ಬಂದಳು. ಬಸ್ಯೂನಿಗೆ ಅದು ಬಿರುಗಾಳಿಯ ಮುಂಚಿನ ಸಪ್ಪೆ ಗಾಳಿಯಂತೆ ಕಂಡಿತು.

ಅವತ್ತು ಮಧ್ಯಾಹ್ನ ರಯ್ಯಿಸ್ ಮತ್ತು ಲಮ್ಲೂಮ ಒಂದು ಬುಟ್ಟಿ ಬೂತಾಯಿ ಹಿಡಿದು ಮನೆಗೆ ಬಂದರು. ಸುದ್ದಿ ಕೇಳಿ ರಯ್ಯಿಸ್ ತಲೆ ಮೇಲೆ ಕೈ ಹೊತ್ತ.

“ಅಲ್ಲಯ್ಯ, ಪಾಲು ಬಂತು ಅಂತ ಯಾಕೆ ಹೇಳೋಕೆ ಹೋದೆ? ಬಾಯಿಗೆ ಬೀಗ ಹಾಕಿದ್ರೆ ಕಾಲು ಉದುರ್ತಿತ್ತಾ?”

“ಬರಲಿಲ್ಲ ಅಂತ ಹೇಳಿ ನಿನ್ನ ಮರ್ಯಾದೆ ಕಳೀಲಾ ರಯ್ಯಿಸ್?”

“ಕಳಿ ಮಾರಾಯ, ಕಳಿ! ಇಷ್ಟು ವರ್ಷದಲ್ಲಿ ಒಂದು ಸಲ ಕಳೀಬಾರದಿತ್ತಾ?”

ಲಮ್ಲೂಮ ಗಂಭೀರವಾಗಿ ಯೋಚಿಸಿ ಒಂದು ಉಪಾಯ ಹೇಳಿದ. “ನಾವೆಂಟೂ ಜನ ಹೋಗಿ, ಇವನು ಬೋಟಲ್ಲಿ ಇರಲಿಲ್ಲ ಅಂತ ಹೇಳೋಣ.”

“ಆಮೇಲೆ ಪಟ್ಟಿಗೆ ಸಹಿ ಯಾಕೆ ಹಾಕಿದ್ರಿ ಅಂತ ಕೇಳಿದ್ರೆ?”

“ಆಗ ಇದ್ದ ಅಂತ ಹೇಳೋಣ.”

ರಯ್ಯಿಸ್ ಅವನನ್ನು ಬುಟ್ಟಿ ಹಿಡಿದುಕೊಂಡು ಅಡುಗೆಮನೆಗೆ ಹೋಗಲು ಹೇಳಿದ. ಅಲ್ಲಿ ಬಾಣಲೆ ತೆಗೆಯಲು ಹೋಗಿ, ಗಂಟು ಬಿಚ್ಚಲಾರದೆ, ಲಮ್ಲೂಮ ಗೂಟವನ್ನೇ ಕಿತ್ತ. ಬಿಗಿದಿದ್ದ ಹನ್ನೆರಡು ಪಾತ್ರೆಗಳು ಒಟ್ಟಿಗೆ ನೆಲಕ್ಕೆ ಬಿದ್ದವು. ಸದ್ದು ಅಡಗುವ ಮೊದಲೇ ಮೇಲಿನಿಂದ ಊರುಗೋಲು ಎರಡು ಸಲ ಕುಟ್ಟಿತು. ಜೊತೆಗೆ ಉಸ್ತಾಜ್ ಫಿಕ್ರಿಯವರ ದನಿ ಕಿಟಕಿಯಿಂದ ಇಳಿಯಿತು.

“ಎರಡು ಗಂಟೆ ಇಪ್ಪತ್ತಾರು ನಿಮಿಷ! ಬರ್ಕೊಂಡೆ! ಪುಸ್ತಕ ತುಂಬಲಿ, ಪೊಲೀಸ್ ಠಾಣೆಗೇ ಒಯ್ತೀನಿ!”

ಇತಿದಾಲ್ ಕೈಯಲ್ಲಿದ್ದ ಮೀನನ್ನು ಕೆಳಗಿಟ್ಟಳು. “ಬರ್ಕೊಂಡೆ ಅಂದ್ರಾ?”

ಕೈ ತೊಳೆಯದೆಯೇ ಮೆಟ್ಟಿಲು ಹತ್ತಿದಳು.

ಉಸ್ತಾಜ್ ಫಿಕ್ರಿಯವರ ಬಳಿ ನಿಜವಾಗಿಯೂ ಒಂದು ಪುಸ್ತಕವಿತ್ತು. ಪ್ರತಿ ಪುಟಕ್ಕೂ ಅಳತೆಪಟ್ಟಿಯಿಂದ ಗೆರೆ ಎಳೆದು ನಾಲ್ಕು ಅಂಕಣ ಮಾಡಿದ್ದರು: ತಾರೀಕು, ಸಮಯ, ಶಬ್ದದ ಸ್ವರೂಪ, ಅವಧಿ. ನವೆಂಬರ್ ನಾಲ್ಕರಿಂದ ಒಂದು ದಿನವೂ ಬಿಟ್ಟಿರಲಿಲ್ಲ. ‘ಬೆಳಿಗ್ಗೆ 5:10 — ಬಲೆ ಎಳೆಯುವಂತೆ ಕೂಗು, ಮೂರು ಸಲ, ಒಟ್ಟು 11 ಸೆಕೆಂಡ್. 5:34 — ಲೋಹದ ಮೇಲೆ ಲೋಹ, 12 ಪೆಟ್ಟು. 5:36 — ಹೆಣ್ಣು ದನಿ, ಶಬ್ದಗಳು ಬರೆಯತಕ್ಕವಲ್ಲ.’

“ಉಸ್ತಾಜ್,” ಎಂದಳು ಇತಿದಾಲ್, “ಈ ಪುಸ್ತಕ ನಂಗೆ ಕೊಡಿ. ನಿಮ್ಮ ಕೈ ಮುಟ್ತೀನಿ.”

“ಮುಟ್ಟಬೇಡಿ ಉಮ್ಮ್ ರಿದಾ, ಮೀನಿನ ಕೈ. ಯಾಕೆ ಕೊಡ್ಲಿ? ಸುಟ್ಟುಹಾಕೋಕಾ?”

ಅವಳು ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು.

“ಅಂದ್ರೆ, ಆ ಮನುಷ್ಯ ಮನೇಲೇ ಇದ್ದ ಅಂತ ನಾನು ಸಾಬೀತು ಮಾಡ್ಬೇಕು. ಮಾಡಿದ್ರೆ ಅವನಿಗೆ ಮನೇಲಿ ಕೂತದ್ದಕ್ಕೆ ದುಡ್ಡು. ದುಡ್ಡು ಬಂದ್ರೆ ಇನ್ನೂ ಕೂರ್ತಾನೆ. ನನಗೇನು ಲಾಭ?”

“ದುಡ್ಡು ಬಂದ್ರೆ ಕಾಲಿಗೆ ವ್ಯಾಯಾಮ ಮಾಡಿಸೋರ ಹತ್ರ ಕಳಿಸ್ತೀನಿ. ವಾರಕ್ಕೆ ಮೂರು ದಿನ. ಮೂರು ತಿಂಗಳಲ್ಲಿ ಸಮುದ್ರಕ್ಕೆ ವಾಪಸ್. ದುಡ್ಡು ಬರದಿದ್ರೆ ಇಲ್ಲೇ ಕುಂಟ್ತಾ, ಕೂಗ್ತಾ, ನಿಮ್ಮ ಕೊನೆಗಾಲದವರೆಗೂ ಕೆಳಗಡೆ ಇರ್ತಾನೆ.”

ಉಸ್ತಾಜ್ ಫಿಕ್ರಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ಆಮೇಲೆ ಎದ್ದು ಕೋಟು ಹಾಕಿಕೊಂಡರು. “ಪುಸ್ತಕ ಕೊಡಲ್ಲ. ನಾನೇ ತರ್ತೀನಿ. ನಾಳೆ ಬೆಳಿಗ್ಗೆ.”

“ಹಾಗಿದ್ರೆ ಕೋಟು ಈಗ್ಲೇ ಯಾಕೆ ಉಸ್ತಾಜ್?”

ಅವರು ಕೋಟು ತೆಗೆದರು.

ಮರುದಿನ ಬಸ್ಯೂನಿ ಮತ್ತೆ ಕುರ್ಚಿಯಲ್ಲಿ ಕೆಳಗಿಳಿದ. ಹೊತ್ತ ನಾಲ್ವರ ಹಿಂದೆ ಉಸ್ತಾಜ್ ಫಿಕ್ರಿ ಪುಸ್ತಕವನ್ನು ಎದೆಗವಚಿಕೊಂಡು ಇಳಿದರು. ಅವರ ಹಿಂದೆ ರಯ್ಯಿಸ್ ಒಂದು ದೊಡ್ಡ ಮೀನು ಹಿಡಿದು ಹೊರಟಿದ್ದ. ಕಚೇರಿಯ ಬಾಗಿಲಲ್ಲೇ ಮದಾಂ ಅದನ್ನು ತಡೆದರು.

“ಮೀನು ಹೊರಗೆ. ಫೈಲಿಗೆ ವಾಸನೆ ಹತ್ತುತ್ತೆ.”

ಮೀನು ಹಿಡಿದುಕೊಂಡು ರಯ್ಯಿಸೂ ಹೊರಗೇ ನಿಂತ. ಒಳಗಿನ ಮಾತುಗಳನ್ನು ಅವನು ಕಿಟಕಿಯಿಂದ ಕೇಳಿಸಿಕೊಂಡ.

ಮದಾಂ ಇನ್ಶಿರಾಹ್ ಪುಸ್ತಕದ ಮೊದಲ ಪುಟ ತೆರೆದರು. ಎರಡನೆಯದು ತೆರೆದರು. ನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ಅವರ ಮುಖದಲ್ಲಿ, ಆ ಕಚೇರಿಯಲ್ಲಿ ಯಾರೂ ಕಂಡಿರದ ಒಂದು ಬೆಳಕು ಮೂಡಿತ್ತು.

“ಗೆರೆ ನೀವೇ ಎಳೆದದ್ದಾ?”

“ಅಳತೆಪಟ್ಟಿ ಉಕ್ಕಿನದು,” ಎಂದರು ಉಸ್ತಾಜ್. “ಪ್ಲಾಸ್ಟಿಕ್ಕಿನದು ಬಿಸಿಲಿಗೆ ಬಾಗುತ್ತೆ.”

“ಬಾಗುತ್ತೆ,” ಎಂದು ಮದಾಂ ಮೆಲ್ಲನೆ ಒಪ್ಪಿದರು.

ಅವರು ಬಂದರಿನ ಐದು ಪಟ್ಟಿಗಳನ್ನು ತೆಗೆದು ಐವತ್ತೊಂದು ದಿನಗಳನ್ನೂ ಒಂದೊಂದಾಗಿ ಪುಸ್ತಕದ ಜೊತೆ ತಾಳೆ ನೋಡಿದರು. ನಲವತ್ತು ನಿಮಿಷ ಹಿಡಿಯಿತು. ಡಿಸೆಂಬರ್ ಒಂಬತ್ತರಂದು ಬೋಟು ಕಡಲಲ್ಲಿ ಬಲೆ ಬೀಸುತ್ತಿದ್ದಾಗ, ಬಸ್ಯೂನಿ ಮೂರನೇ ಮಹಡಿಯಲ್ಲಿ ಒಂದು ಗಂಟೆ ಐದು ನಿಮಿಷ ಹಾಡಿದ್ದ. ‘ಒಂದೇ ಸಾಲು,’ ಎಂದು ಉಸ್ತಾಜ್ ಷರಾ ಬರೆದಿದ್ದರು.

“ಇಷ್ಟು ಕೂಗಿದೀನಾ ನಾನು?” ಎಂದ ಬಸ್ಯೂನಿ, ನಿಜವಾಗಿಯೂ ಬೆರಗಾಗಿ.

“ಇದು ಸಂಕ್ಷಿಪ್ತ,” ಎಂದರು ಉಸ್ತಾಜ್.

“ಮನೇಲಿದ್ದದ್ದು ಸ್ಪಷ್ಟ,” ಎಂದು ಮದಾಂ ಬರೆಯುತ್ತ ಗಟ್ಟಿಯಾಗಿ ಓದಿದರು. “ಕಾರ್ಡ್ ಸಮುದ್ರದಲ್ಲಿ, ಮನುಷ್ಯ ಮನೆಯಲ್ಲಿ. ಕಾರ್ಡ್ ಯಾಕೆ ಹೋಗಿತ್ತು ಅನ್ನೋದಕ್ಕೆ ನನ್ನ ನಮೂನೇಲಿ ಅಂಕಣ ಇಲ್ಲ. ಇನ್ನು ಆ ಪಾಲಿನ ವಿಷಯ…”

ಬಸ್ಯೂನಿ ಬಾಯಿ ತೆರೆದ. ಇತಿದಾಲ್ ಅವನಿಗಿಂತ ಮೊದಲು ತೆರೆದಳು.

“ಮದಾಂ, ಕಾಯಿಲೆ ಬಿದ್ದೋನನ್ನ ನೋಡೋಕೆ ಬರೋರು ನಿಮ್ಮ ಮನೆಗಾದ್ರೆ ಕೈ ಬೀಸ್ಕೊಂಡು ಬರ್ತಾರಾ? ಏನಾದ್ರೂ ತರಲ್ವಾ? ಹಣ್ಣಿನ ಅಂಗಡಿಯವ್ರು ಹಣ್ಣು ತರ್ತಾರೆ. ಇವ್ರು ಮೀನಿನವ್ರು.”

“ಕಿತ್ತಳೆ ತರ್ತಾರೆ,” ಎಂದು ಮದಾಂ ಒಂದು ಕ್ಷಣ ಯೋಚಿಸಿ ಒಪ್ಪಿದರು. “ರೋಗಿಗೆ ತಂದ ಉಡುಗೊರೆ. ಆಯಿತು. ಆದರೆ ಒಂದು ಷರತ್ತು. ಡಾಕ್ಟರು ಫಿಟ್ ಅಂತ ಬರೆಯೋವರೆಗೆ ಇವರ ಹೆಸರು ಬೋಟಿನ ಪಟ್ಟೀಲಿ ಇರಕೂಡದು. ಇನ್ನೊಂದು ಸಲ ಕಂಡರೆ ಫೈಲು ಮುಚ್ತೀನಿ. ಕಾರ್ಡ್ ಇಲ್ಲಿ ಜಮಾ ಆಗ್ಬೇಕು.”

ಕಿಟಕಿಯ ಹೊರಗೆ ರಯ್ಯಿಸ್‌ನ ಕೈಯಿಂದ ಮೀನು ಕೆಳಗೆ ಬಿತ್ತು.

ಎರಡು ದಿನ ಕಳೆದು ಬೋಟು ಹೊರಡಬೇಕಿತ್ತು. ಕಟ್ಟೆಯ ಮೇಲೆ ಬಸ್ಯೂನಿಯ ಕುರ್ಚಿ ಇಟ್ಟಿದ್ದರು. ಹೊಸ ಪಟ್ಟಿಯಲ್ಲಿ ಎಂಟೇ ಹೆಸರು. ಮೂರನೆಯದರ ಕೆಳಗೆ, ಅವನ ಹೆಸರು ಇರುತ್ತಿದ್ದ ಜಾಗದಲ್ಲಿ, ರಯ್ಯಿಸ್ ಒಂದು ಬೆರಳಗಲ ಖಾಲಿ ಬಿಟ್ಟಿದ್ದ. ಲಮ್ಲೂಮ ಅಳುತ್ತಿದ್ದ. ಈರುಳ್ಳಿ ಹೆಚ್ಚುತ್ತಿದ್ದೆ ಎಂದು ಹೇಳಿದನಾದರೂ ಹತ್ತಿರದಲ್ಲೆಲ್ಲೂ ಈರುಳ್ಳಿ ಇರಲಿಲ್ಲ.

ಆ ನಂಬಿಕೆ ಬಸ್ಯೂನಿಯದೂ ಆಗಿತ್ತು. ಹೊಡೆದ ಹೆಸರು ಮತ್ತೆ ಬೋಟು ಹತ್ತುವುದಿಲ್ಲ. ವಿಂಚಿನ ಹಿಡಿಕೆಯ ಮೇಲೆ ಅವನ ಅಂಗೈ ಸವೆಸಿದ ಗುಳಿಯನ್ನು ಕಟ್ಟೆಯಿಂದಲೇ ನೋಡುತ್ತ ಕೂತ.

“ರಯ್ಯಿಸ್, ಮಂಚ ಬೇಡ ಅಂತ ಹೇಳಿಬಿಡ್ಲಾ?” ಎಂದ, ಹೆಂಡತಿಗೆ ಕೇಳದಷ್ಟು ಮೆಲ್ಲಗೆ.

ಇತಿದಾಲ್‌ಗೆ ಕೇಳಿಸಿತು. ಅವಳಿಗೆ ಮಂಚದ ವಿಷಯದಲ್ಲಿ ಕಿವಿ ಬಹಳ ಚುರುಕು. ಬೈಯುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಗಂಡನ ಮುಖ ನೋಡಿದಳು, ಬೋಟು ನೋಡಿದಳು, ಮನೆಯ ಕಡೆಗೆ ಹೊರಟುಬಿಟ್ಟಳು. ಇಪ್ಪತ್ತು ನಿಮಿಷದಲ್ಲಿ ತಲೆಯ ಮೇಲೆ ಒಂದು ಮರದ ಪೆಟ್ಟಿಗೆ ಹೊತ್ತು ಬಂದಳು. ಹನ್ನೊಂದು ವರ್ಷದ ದೂಳು ಅದರ ಮೇಲೆ ಹಾಗೇ ಇತ್ತು. ಬದಿಯಲ್ಲಿ ‘ಹಾಜಾ ಜಕಿಯ್ಯಾ’ ಎಂದು ಬಣ್ಣದಲ್ಲಿ ಬರೆದದ್ದು ಇನ್ನೂ ಓದುವಂತಿತ್ತು.

“ತಗೋ ರಯ್ಯಿಸ್. ಬೋಟಿಂದೇ ಇದು. ಹನ್ನೊಂದು ವರ್ಷ ಇವನ ಭಾರ ಹೊತ್ತಿದೆ, ಇವನಿಗಿಂತ ಚೆನ್ನಾಗಿ ಇವನಾಗಿರೋದು ಇದೇ. ಇವನ ಜಾಗದಲ್ಲಿಡಿ. ಚಹಾ ಇದರ ಮೇಲಿಡಿ. ಪಟ್ಟೀಲಿ ಬರೀಬೇಕಾಗಿಲ್ಲ, ಕಾರ್ಡೂ ಬೇಕಾಗಿಲ್ಲ.”

ರಯ್ಯಿಸ್ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಸುತ್ತ ತಿರುಗಿಸಿ ನೋಡಿ, ಕಟ್ಟಳೆಯಲ್ಲಿ ಇದಕ್ಕೆ ಅಡ್ಡಿಯಿಲ್ಲ ಎಂದು ತೀರ್ಪು ಕೊಟ್ಟ. ಎಂಟು ಜನ, ಎಂಟು ಕಾರ್ಡ್, ಒಂದು ಪೆಟ್ಟಿಗೆ ಕಡಲಿಗೆ ಹೊರಟವು. ಬೋಟು ತಿರುವು ದಾಟುವ ಮೊದಲೇ ಲಮ್ಲೂಮ ಪೆಟ್ಟಿಗೆಯ ಮೇಲೆ ಗ್ಲಾಸಿಟ್ಟು ಚಹಾ ಸುರಿಯುವುದು ಬಸ್ಯೂನಿಗೆ ಕಂಡಿತು.

“ಎರಡು ಚಮಚ ಸಕ್ಕರೆ ಕಣೋ!” ಎಂದು ಕೂಗಿದ.

ಪೆಟ್ಟಿಗೆ ಹೋದ ಮೇಲೆ ಮಂಚ ಒಂದು ಮೂಲೆಗೆ ಕುಸಿಯಿತು. ಉಸ್ತಾಜ್ ಫಿಕ್ರಿ ಕೆಳಗಿಳಿದು ಬಂದು ಅಳತೆ ತೆಗೆದುಕೊಂಡು, ಹನ್ನೊಂದನೇ ತರಗತಿಯ ಭೌತಶಾಸ್ತ್ರದ ಹಳೆಯ ಪುಸ್ತಕಗಳನ್ನು ಒಂದರ ಮೇಲೊಂದು ಇಟ್ಟರು. ಹದಿನಾಲ್ಕು ಪುಸ್ತಕ, ಇಪ್ಪತ್ತೊಂಬತ್ತು ಸೆಂಟಿಮೀಟರ್, ಒಂದು ಮಿಲಿಮೀಟರ್ ಹೆಚ್ಚುಕಡಿಮೆ ಇಲ್ಲ. ಬೆಳಗಿನ ಜಾವದ ಕೂಗು ಒಂದೇ ಸಲಕ್ಕೆ ಇಳಿಯಬೇಕು ಎಂಬ ಷರತ್ತಿನ ಮೇಲೆ ಕೊಟ್ಟದ್ದು. ಬಸ್ಯೂನಿ ಅದನ್ನು ಬಹುಮಟ್ಟಿಗೆ ಪಾಲಿಸಿದ.

ಫೆಬ್ರವರಿ ಕೊನೆಗೆ ಡಾಕ್ಟರುಗಳು ಅವನ ಕಾಲು ಬಗ್ಗಿಸಿ, ಚಾಚಿ, ಶೇಕಡಾ ಹದಿನೆಂಟು ಊನ ಎಂದು ಬರೆದರು. ಬೇಸಗೆಯ ಹೊತ್ತಿಗೆ ಕೂತು ಮಾಡುವ ಕೆಲಸಕ್ಕೆ ಬೋಟು ಹತ್ತಬಹುದು ಎಂದೂ ಬರೆದರು. ಬಸ್ಯೂನಿ ಆ ಕಾಗದವನ್ನು ಬಂದವರಿಗೆಲ್ಲ ತೋರಿಸಿದ. “ನೂರಕ್ಕೆ ಎಂಬತ್ತೆರಡು ಸರಿ ಇದೀನಿ ಅಂತ ಸರ್ಕಾರದ ಡಾಕ್ಟರೇ ಬರೆದುಕೊಟ್ಟಿದ್ದಾರೆ.”

“ಆ ಎಂಬತ್ತೆರಡು ಎಲ್ಲಿದೆ ಅಂತ ನನಗೂ ತೋರಿಸು,” ಎಂದಳು ಇತಿದಾಲ್.

ಮಾರ್ಚಿನಲ್ಲಿ ಹಣ ಬಂತು. ಎಪ್ಪತ್ತನಾಲ್ಕು ದಿನದ್ದೂ, ಆಮೇಲಿನದೂ, ಇಡಿಗಂಟೂ. ಬಂದ ನಾಲ್ಕನೇ ದಿನ ರಿದಾ ದುಮ್ಯಾತ್‌ನಿಂದ ಮಂಚ ತಂದ. ಬೀಚ್ ಮರದ್ದು, ನಾಲ್ಕು ಕಾಲು. ನಾಲ್ಕೂ ಒಂದೇ ಎತ್ತರ ಎಂದು ಉಸ್ತಾಜ್ ಉಕ್ಕಿನ ಪಟ್ಟಿ ಇಟ್ಟು ಖಾತರಿ ಮಾಡಿಕೊಟ್ಟು, ತಮ್ಮ ಪುಸ್ತಕಗಳನ್ನು ಎಣಿಸಿ ಒಯ್ದರು. ಅವತ್ತು ಅವರಿಗೆ ಕೊಂಚ ಅವಸರವಿತ್ತು. ಕಚೇರಿಗೆ ಹೋಗಬೇಕಿತ್ತು, ಮದಾಂ ಇನ್ಶಿರಾಹ್ ಪುಸ್ತಕದ ಗೆರೆಗಳ ಬಗ್ಗೆ ಇನ್ನೂ ಏನೋ ವಿಚಾರಿಸಬೇಕಂತೆ.

ಮಧ್ಯಾಹ್ನದ ಊಟವಾದ ಮೇಲೆ ಇಬ್ಬರೂ ಮಂಚದ ಮೇಲೆ ಮಲಗಿ ನೋಡಿದರು. ಇತಿದಾಲ್ ಎಲ್ಲಿ ಮಲಗಿದಳೋ ಅಲ್ಲಿಯೇ ಇದ್ದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಬಸ್ಯೂನಿ ಮಾತ್ರ ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ, ಮೇಲೆ ನೋಡಿದ. ಮಂಚ ಅಲುಗಲಿಲ್ಲ, ಕಿರುಗುಟ್ಟಲಿಲ್ಲ, ಯಾವ ಕಡೆಗೂ ವಾಲಲಿಲ್ಲ. ಕಟ್ಟೆಯ ಮೇಲೆ ಮಲಗಿದಂತಿತ್ತು. ಮೆಲ್ಲನೆ ಎದ್ದು, ಊರುಗೋಲು ಹಿಡಿದು, ಮೂಲೆಯಲ್ಲಿದ್ದ ಹಳೆಯ ಬಲೆಯ ತುಂಡೊಂದನ್ನು ಎರಡು ಮಡಿಕೆ ಮಾಡಿ, ತಾನು ಮಲಗುವ ಕಡೆಯ ಕಾಲಿನ ಹತ್ತಿರ ಬಗ್ಗಿದ.

“ಅಬೂ ರಿದಾ,” ಎಂದಳು ಇತಿದಾಲ್, ಕಣ್ಣು ತೆರೆಯದೆ. “ಅದನ್ನ ಆ ಕಾಲಿನ ಕೆಳಗಿಟ್ರೆ, ಮದಾಂಗೆ ಹೇಳಿ ನಿನ್ನ ಹೆಸರನ್ನ ಈ ಮನೆ ಪಟ್ಟಿಯಿಂದಲೂ ಹೊಡೆಸ್ತೀನಿ.”

ಬಸ್ಯೂನಿ ಬಗ್ಗಿದವನು ನೆಟ್ಟಗಾದ. ಬಲೆಯನ್ನು ನಾಲ್ಕು ಮಡಿಕೆ ಮಾಡಿ ತನ್ನ ದಿಂಬಿನ ಕೆಳಗಿಟ್ಟುಕೊಂಡು ಮಲಗಿದ. ಅದರಲ್ಲಿ ಇನ್ನೂ ಉಪ್ಪಿನ ವಾಸನೆ ಇತ್ತು. ಎರಡು ನಿಮಿಷದೊಳಗೆ ಗೊರಕೆ ಶುರುವಾಯಿತು.

ಕಚೇರಿಗೆ ಹೊರಟಿದ್ದ ಉಸ್ತಾಜ್ ಫಿಕ್ರಿ ಮೂರನೇ ಮಹಡಿಯ ಬಾಗಿಲ ಮುಂದೆ ನಿಂತು, ಗಡಿಯಾರ ನೋಡಿ, ಜೇಬಿನಿಂದ ಪೆನ್ಸಿಲ್ ತೆಗೆದರು.